ಹೃದಯರೋಗಿಗೆ ಚೀನೀ ಪದ್ಧತಿಯ ಆರೈಕೆ: ಕಿವಿಯ ಮೇಲಿನ ಬೀಜ, ಫ್ಲಾಸ್ಕಿನಲ್ಲಿದ್ದ ಸಾರು

ನಾನು ಸಿಂಗಪುರದಿಂದ ಮಾತಾಡ್ತಾ ಇದ್ದೀನಿ. ಹೊರಗೆ ಜೋರು ಮಳೆ, ಮಧ್ಯೆ ಮಧ್ಯೆ ಗುಡುಗಿನ ಸದ್ದು ಬಂದರೆ ಸುಧಾರಿಸಿಕೊಳ್ಳಿ.

ಇವತ್ತಿನ ವಿಷಯ ನಮ್ಮ ಮನೆಯಿಂದಲೇ ಶುರುವಾಗುತ್ತೆ. ಕಳೆದ ವರ್ಷ ಅಪ್ಪ ದಾವಣಗೆರೆಯಿಂದ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಅಪ್ಪನಿಗೆ ಎಪ್ಪತ್ತೊಂದು ವರ್ಷ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಜೊತೆಗೆ ಹೃದಯದ ಬಡಿತ ತಾಳ ತಪ್ಪುವ ತೊಂದರೆಯೂ ಇದೆ, ಅದಕ್ಕೆ ದಿನಾ ಸಂಜೆ ವಾರ್ಫರಿನ್ ಮಾತ್ರೆ. ಎದುರು ಮನೆಯಲ್ಲಿ ಒಬ್ಬರು ಚೀನೀ ಆಂಟಿ ಇದ್ದಾರೆ. ಅವರ ಯಜಮಾನರಿಗೂ ಬೈಪಾಸ್ ಆಗಿದೆ. ಅಪ್ಪನಿಗೆ ಮ್ಯಾಂಡರಿನ್ ಬರಲ್ಲ, ಆಂಟಿಗೆ ಕನ್ನಡ ಬರಲ್ಲ. ಆದರೂ ಲಿಫ್ಟಿನ ಹತ್ತಿರ ಇಬ್ಬರೂ ಎದೆ ಮುಟ್ಟಿ ತೋರಿಸಿಕೊಂಡು, ತಮ್ಮ ತಮ್ಮ ಆಪರೇಷನ್ ಪುರಾಣ ಪೂರ್ತಿ ಹಂಚಿಕೊಂಡಿದ್ದರು!

ಒಂದು ದಿನ ಬೆಳಗ್ಗೆ ನೋಡಿದರೆ ಬಾತ್‌ರೂಮಿನ ಬೇಸಿನ್ನಿನಲ್ಲಿ ರಕ್ತದ ಗುರುತು. ಅಪ್ಪನ್ನ ಕೇಳಿದೆ. "ಹೊಸ ಬ್ರಷ್ಷು ಕಣಮ್ಮ, ಗಟ್ಟಿ ಇದೆ" ಅಂದರು. ಮೊಣಕೈ ಹತ್ತಿರ ಒಂದು ನೀಲಿ ಕಲೆಯೂ ಇತ್ತು, ಎಲ್ಲಿ ತಗಲಿತು ಅಂತ ಅವರಿಗೇ ಗೊತ್ತಿಲ್ಲ. ಮಧ್ಯಾಹ್ನವೇ ರಕ್ತ ಪರೀಕ್ಷೆ ಮಾಡಿಸಿದೆವು. ಐಎನ್‌ಆರ್ 4.8! ಎರಡರಿಂದ ಮೂರರ ಒಳಗೆ ಇರಬೇಕಾದ ಸಂಖ್ಯೆ ಅದು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಹೊಸದಾಗಿ ಏನಾದರೂ ತಗೋತಿದ್ದಾರಾ?" ಇಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಮೆಲ್ಲಗೆ, "ಆ ಸಾರು ಒಂದು ಕುಡೀತಿದ್ದೆ" ಅಂದರು.

"ಯಾವ ಸಾರು ಅಪ್ಪಾ?"

"ಎದುರು ಮನೆಯವರು ಫ್ಲಾಸ್ಕಿನಲ್ಲಿ ಕೊಡ್ತಾರಲ್ಲ. ಅದೇನು ಔಷಧಿ ಅಲ್ಲ ಕಣಮ್ಮ, ಬರೀ ಸಾರು."

ಹತ್ತು ದಿನದಿಂದ ಕುಡೀತಿದ್ದರಂತೆ. ಅಪ್ಪ ಮಾಂಸ ತಿನ್ನಲ್ಲ ಅಂತ ಗೊತ್ತಾದ ಮೇಲೆ ಆಂಟಿ ಕೋಳಿ ಬಿಟ್ಟು ಬೇರೆಯಾಗಿಯೇ ಕುದಿಸಿ ಕೊಡ್ತಿದ್ದರು. ಅದರಲ್ಲಿ ಕೆಂಪು ಖರ್ಜೂರದಂಥ ಹಣ್ಣು, ಜೊತೆಗೆ ಎರಡು ಬೇರು. ಒಂದು ಡಾನ್‌ಶೆನ್, ಇನ್ನೊಂದು ಡಾಂಗ್‌ಗ್ವೇ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರ್ತವೆ.

ಆಂಟಿಯ ಮೇಲೆ ನನಗೆ ಕೋಪ ಬರಲಿಲ್ಲ. ಅವರ ಮನೆಯಲ್ಲಿ ಸಾರು ಅಂದರೆ ಆರೈಕೆ. ನಮ್ಮಲ್ಲಿ ಬಾಣಂತಿಗೆ ಮೆಣಸಿನ ಸಾರು ಮಾಡಿ ಕೊಡಲ್ವಾ, ಹಾಗೆಯೇ. ಆದರೆ ಅವತ್ತಿಂದ ಒಂದು ಪ್ರಶ್ನೆ ಉಳಿದುಬಿಟ್ಟಿತು. ಚೀನಾದ ಆಸ್ಪತ್ರೆಗಳಲ್ಲಿ ಹೃದಯರೋಗಿಗಳಿಗೆ ಸಾಂಪ್ರದಾಯಿಕ ಪದ್ಧತಿಯ ಶುಶ್ರೂಷೆ ಅಂತ ಒಂದು ಪ್ರತ್ಯೇಕ ವಿಭಾಗವೇ ಇದೆ. ಅದರಲ್ಲಿ ಏನೇನು ಮಾಡ್ತಾರೆ? ಅದರಿಂದ ರೋಗಿಗೆ ನಿಜಕ್ಕೂ ಉಪಯೋಗ ಆಗುತ್ತಾ? ಆಗುತ್ತೆ ಅಂತ ನಮಗೆ ಗೊತ್ತಾಗೋದಾದರೂ ಹೇಗೆ?

ಮೊದಲು ರೋಗದ ಬಗ್ಗೆ ಎರಡು ಮಾತು. ಹೃದಯ ಇಡೀ ದೇಹಕ್ಕೆ ರಕ್ತ ತಳ್ಳುವ ಪಂಪು. ಆದರೆ ಆ ಪಂಪಿನ ಸ್ನಾಯುವಿಗೂ ರಕ್ತ ಬೇಕಲ್ಲ, ಅದನ್ನ ಒದಗಿಸೋದು ಹೃದಯದ ಮೈಮೇಲೆಯೇ ಹರಿಯುವ ಕರೊನರಿ ರಕ್ತನಾಳಗಳು. ಇವುಗಳ ಒಳಗೋಡೆಯಲ್ಲಿ ಕೊಬ್ಬಿನ ಗಂಟು ಬೆಳೆದು ದಾರಿ ಕಿರಿದಾದರೆ, ಮೆಟ್ಟಿಲು ಹತ್ತುವಾಗಲೋ ಸಿಟ್ಟು ಬಂದಾಗಲೋ ಎದೆ ಹಿಂಡಿದ ಹಾಗಾಗುತ್ತೆ. ಸುಧಾರಿಸಿಕೊಂಡರೆ ಹೋಗುತ್ತೆ. ಇದು ಆಂಜೈನಾ. ಆ ಗಂಟು ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ, ದಾರಿ ಪೂರ್ತಿ ಮುಚ್ಚಿದರೆ ಹೃದಯಾಘಾತ. ಸ್ಟೆಂಟು ದಾರಿಯನ್ನ ತೆರೆಯುತ್ತೆ, ನಿಜ. ಆದರೆ ಗಂಟು ಬೆಳೆಯೋ ಸ್ವಭಾವವನ್ನ ಬದಲಾಯಿಸಲ್ಲ. ಅದಕ್ಕೇ ಸ್ಟೆಂಟ್ ಆದ ಮೇಲೂ ಮಾತ್ರೆ, ಊಟ, ನಡಿಗೆ, ನಿದ್ದೆ ಇಷ್ಟೂ ಮುಖ್ಯ. ಆಪರೇಷನ್ ಒಂದು ಗಂಟೆಯದು, ಆರೈಕೆ ಉಳಿದ ಆಯುಷ್ಯದ್ದು.

ಇದು ನಮಗೆ ದೂರದ ವಿಷಯವೂ ಅಲ್ಲ. ಇಂಟರ್‌ಹಾರ್ಟ್ ಅನ್ನೋ ಅಂತರರಾಷ್ಟ್ರೀಯ ಅಧ್ಯಯನದ ದಕ್ಷಿಣ ಏಷ್ಯಾದ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ಕಡೆಯವರಿಗೆ ಮೊದಲ ಹೃದಯಾಘಾತ ಆಗೋ ಸರಾಸರಿ ವಯಸ್ಸು 53, ಬೇರೆ ದೇಶಗಳವರಲ್ಲಿ ಸುಮಾರು 59. ಕರ್ನಾಟಕದಲ್ಲಿ ಎದೆನೋವಿಗೆ ಇನ್ನೊಂದು ಹೆಸರೂ ಇದೆಯಲ್ಲ, "ಗ್ಯಾಸ್ಟ್ರಿಕ್ಕು". ಅದರ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ.

ಈಗ ಚೀನಾಕ್ಕೆ ಹೋಗೋಣ. ಅವರ ಹಳೆಯ ವೈದ್ಯಗ್ರಂಥಗಳಲ್ಲಿ ಕರೊನರಿ ಅನ್ನೋ ಪದ ಇಲ್ಲ, ಇರೋಕೂ ಸಾಧ್ಯ ಇಲ್ಲ. ಆದರೆ ರೋಗದ ಚಿತ್ರ ಇದೆ. ಸುಮಾರು 1,800 ವರ್ಷದ ಹಿಂದಿನ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬರೆದದ್ದು ಅಂತ ಹೇಳುವ ಪುಸ್ತಕದಲ್ಲಿ "ಷಿಯೊಂಗ್ ಬೀ" ಅಂತ ಬರುತ್ತೆ. ಎದೆಯ ಕಟ್ಟು ಅಂತ ಅರ್ಥ ಮಾಡಿಕೊಳ್ಳಬಹುದು. ಎದೆಯಿಂದ ಬೆನ್ನಿಗೆ ಹೋಗುವ ನೋವು, ಉಸಿರು ಸಾಲದಿರೋದು, ಇವೆಲ್ಲ ಅಲ್ಲಿವೆ. ಅದಕ್ಕಿಂತ ಹಳೆಯ "ಹ್ವಾಂಗ್‌ದಿ ನೇಜಿಂಗ್" ಗ್ರಂಥದಲ್ಲಿ ಬೇರೆಯೇ ಒಂದು ನೋವಿನ ವರ್ಣನೆ ಇದೆ. ಅದರ ಹೆಸರು "ನಿಜವಾದ ಹೃದಯದ ನೋವು". ಕೈಕಾಲು ಗೆಣ್ಣಿನವರೆಗೆ ತಣ್ಣಗಾಗುತ್ತೆ, ಒಂದು ದಿನವೂ ದಾಟದೆ ರೋಗಿ ಸಾಯ್ತಾನೆ ಅಂತ ಅಲ್ಲಿ ಬರೆದಿದ್ದಾರೆ. ಇದಕ್ಕೆ ಅವರು ಮದ್ದು ಹೇಳೋಕೆ ಹೋಗಿಲ್ಲ ಅನ್ನೋದನ್ನ ಗಮನಿಸಿ. ಸುಧಾರಿಸಬಹುದಾದ ನೋವು ಯಾವುದು, ಕೈ ಮೀರಿದ್ದು ಯಾವುದು ಅಂತ ಇಸಿಜಿ ಇಲ್ಲದ ಕಾಲದಲ್ಲಿ ಕಣ್ಣಿನಿಂದಲೇ ಬೇರೆ ಮಾಡಿದ್ದಾರೆ. ನನಗೆ ಇದು ಯಾವುದೇ ಗಿಡಮೂಲಿಕೆಗಿಂತ ದೊಡ್ಡ ವಿಷಯ ಅನ್ನಿಸುತ್ತೆ.

ಕಾರಣ ಹೇಳುವಾಗ ಮಾತ್ರ ಅವರ ಭಾಷೆ ಬೇರೆ. ದೇಹದಲ್ಲಿ "ಚೀ" ಅನ್ನೋ ಚೈತನ್ಯ ಹರೀತಾ ಇರುತ್ತೆ, ಅದರ ಜೊತೆ ರಕ್ತವೂ ಹರೀತಾ ಇರುತ್ತೆ. ಹರಿವು ನಿಂತ ಕಡೆ ನೋವು. ರಕ್ತ ಕಟ್ಟಿದ್ದಕ್ಕೆ ನೋವು ಬಂತೋ, ಕಫ ತುಂಬಿದ್ದಕ್ಕೋ, ಶೀತಕ್ಕೋ, ಚೀ ಕಡಿಮೆಯಾಗಿದ್ದಕ್ಕೋ ಅಂತ ವಿಂಗಡಿಸ್ತಾರೆ. ವಾತ, ಪಿತ್ತ, ಕಫ ಕೇಳಿ ಬೆಳೆದ ನಮಗೆ ಈ ಧಾಟಿ ಅಪರಿಚಿತ ಅಲ್ಲ. ಆದರೆ ಎರಡೂ ಒಂದೇ ಅಂದುಕೊಳ್ಳಬೇಡಿ, ಲೆಕ್ಕಾಚಾರ ಬೇರೆ ಬೇರೆ. ಚೀ ಅನ್ನೋದನ್ನ ಯಾವ ಉಪಕರಣವೂ ಇದುವರೆಗೆ ಅಳೆದಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಶುಶ್ರೂಷೆಯೂ ಈ ವಿಂಗಡಣೆಯ ಮೇಲೆಯೇ ನಿಂತಿದೆ. ಒಂದೇ ವಾರ್ಡಿನಲ್ಲಿ ಇಬ್ಬರು ಆಂಜೈನಾ ರೋಗಿಗಳು ಇದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬರಿಗೆ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವು, ರಾತ್ರಿ ಜಾಸ್ತಿ, ನಾಲಿಗೆ ನೇರಳೆ ಬಣ್ಣ. ಇವರದ್ದು ರಕ್ತ ಕಟ್ಟಿದ ಬಗೆ. ಇನ್ನೊಬ್ಬರದ್ದು ದಪ್ಪ ಶರೀರ, ಎದೆ ಮೇಲೆ ಭಾರ ಇಟ್ಟಂತೆ, ನಾಲಿಗೆ ಮೇಲೆ ಜಿಡ್ಡು ಜಿಡ್ಡು. ಇವರದ್ದು ಕಫದ ಬಗೆ. ರೋಗದ ಹೆಸರು ಒಂದೇ, ಆದರೆ ನರ್ಸು ಕೊಡೋ ಪಥ್ಯ ಬೇರೆ, ಒತ್ತೋ ಬಿಂದು ಬೇರೆ, ಮಾತಾಡೋ ರೀತಿಯೂ ಬೇರೆ. ಪಥ್ಯ ಅನ್ನೋ ಪದ ನಮ್ಮಲ್ಲಿ ಇರೋದರಿಂದ ಇದನ್ನ ವಿವರಿಸೋದು ಸುಲಭ ಆಯಿತು ನೋಡಿ. ಮೂರು ಪಾಲು ಚಿಕಿತ್ಸೆ, ಏಳು ಪಾಲು ಆರೈಕೆ ಅನ್ನೋ ಮಾತು ಚೀನಾದಲ್ಲಿ ಜನಜನಿತ.

ಈ "ಸಾಂಪ್ರದಾಯಿಕ" ಅನ್ನೋ ವಿಶೇಷಣದ ಬಗ್ಗೆ ಒಂದು ತಮಾಷೆ ಇದೆ. ಚೀನೀ ವೈದ್ಯದಲ್ಲಿ ಶುಶ್ರೂಷೆ ಅನ್ನೋದು ಬೇರೆ ಶಿಸ್ತಾಗಿ ಬೆಳೆದದ್ದು 1950ರ ದಶಕದಿಂದ ಈಚೆಗೆ. ಅದಕ್ಕೂ ಮೊದಲು ವೈದ್ಯರು ಹೇಳ್ತಿದ್ದರು, ಮನೆಯವರು ಮಾಡ್ತಿದ್ದರು, ಅಷ್ಟೆ. ವಾರ್ಡು, ನರ್ಸು, ಪಾಳಿ, ಚಾರ್ಟು ಎಲ್ಲಾ ಆಧುನಿಕ ಆಸ್ಪತ್ರೆಯಿಂದ ಬಂದದ್ದು. ಈ ಆರೈಕೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರೋ ಉಪಾಯಗಳಲ್ಲಿ ಒಂದು ಕಿವಿಗೆ ಬೀಜ ಅಂಟಿಸೋದು. ಸಾಸಿವೆ ಕಾಳಿನಷ್ಟು ದಪ್ಪದ ಒಂದು ಕಪ್ಪು ಬೀಜವನ್ನ ಪುಟ್ಟ ಪ್ಲಾಸ್ಟರಿನಲ್ಲಿಟ್ಟು ಕಿವಿಯ ಹಾಲೆಯ ಒಳಮೈಯಲ್ಲಿ "ಹೃದಯ" ಅಂತ ಗುರುತಿಸಿದ ಜಾಗಕ್ಕೆ ಅಂಟಿಸ್ತಾರೆ. ದಿನಕ್ಕೆ ನಾಲ್ಕೈದು ಸಲ ರೋಗಿ ಅದನ್ನ ಒತ್ತಬೇಕು, ಕೆಲವು ದಿನಕ್ಕೊಮ್ಮೆ ಹೊಸದು. ಕಿವಿಗೆ ಚಿಕಿತ್ಸೆ ಮಾಡೋ ಪದ್ಧತಿ ಚೀನಾದಲ್ಲಿ ಹಳೆಯದೇ. ಆದರೆ ಯಾವ ಅಂಗಕ್ಕೆ ಕಿವಿಯಲ್ಲಿ ಯಾವ ಜಾಗ ಅನ್ನೋ ಇವತ್ತಿನ ನಕ್ಷೆಯ ಮೂಲ ಫ್ರಾನ್ಸಿನದು! ಪಾಲ್ ನೋಝಿಯೇ ಅನ್ನೋ ಲಿಯೋನ್ ನಗರದ ವೈದ್ಯ 1950ರ ದಶಕದಲ್ಲಿ, ಕಿವಿಯ ಆಕಾರ ತಲೆಕೆಳಗಾದ ಭ್ರೂಣದ ಹಾಗಿದೆ ಅಂತ ಹೇಳಿ ಬರೆದ ನಕ್ಷೆ ಅದು. ಚೀನಾದವರು ಅದನ್ನ ತಗೊಂಡು ಬೆಳೆಸಿದರು. ಆಂಟಿಗೆ ಇದನ್ನ ಹೇಳಿದಾಗ ಅವರು ನಂಬಲಿಲ್ಲ.

ಇನ್ನು ವಾರ್ಡಿನೊಳಗೆ ಏನು ನಡೆಯುತ್ತೆ? ಮೊದಲು ಒಂದು ತಪ್ಪು ಕಲ್ಪನೆ ತೆಗೆಯೋಣ. ಚೀನಾದ ಸಾಂಪ್ರದಾಯಿಕ ವೈದ್ಯದ ದೊಡ್ಡ ಆಸ್ಪತ್ರೆ ಅಂದರೆ ಬರೀ ಕಷಾಯದ ಅಂಗಡಿ ಅಲ್ಲ. ಗ್ವಾಂಗ್‌ಝೌ ನಗರದಲ್ಲಿರೋ ಗ್ವಾಂಗ್‌ಡಾಂಗ್ ಪ್ರಾಂತ್ಯದ ಆಸ್ಪತ್ರೆಯಂಥ ಕಡೆಗಳಲ್ಲಿ ಆಂಜಿಯೋಪ್ಲಾಸ್ಟಿಯೂ ಮಾಡ್ತಾರೆ. ಎದೆನೋವು ಅಂತ ಬಂದವರಿಗೆ ಮೊದಲು ಇಸಿಜಿ, ರಕ್ತ ಪರೀಕ್ಷೆ, ಬೇಕಾದರೆ ನೇರ ಸ್ಟೆಂಟು. ಆಮೇಲಿನ ದಿನಗಳಲ್ಲಿ, ಆಸ್ಪಿರಿನ್, ಸ್ಟಾಟಿನ್ ಮಾತ್ರೆಗಳ ಜೊತೆಗೆ, ಈ ಆರೈಕೆ ಸೇರಿಕೊಳ್ಳುತ್ತೆ.

ಅದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಅತಿ ಸಾಮಾನ್ಯ ಸಂಗತಿ. ಮಲವಿಸರ್ಜನೆ! ನಗಬೇಡಿ. ಹೃದಯಾಘಾತ ಆದವರು ಹಾಸಿಗೆ ಹಿಡಿದಿರ್ತಾರೆ, ಊಟ ಕಡಿಮೆ, ನೋವಿಗೆ ಮಾರ್ಫಿನ್ ಕೊಟ್ಟಿದ್ದರೆ ಕರುಳು ಇನ್ನೂ ನಿಧಾನ. ಮಲಬದ್ಧತೆ ಆಗಿ ಉಸಿರು ಬಿಗಿ ಹಿಡಿದು ಮುಕ್ಕಿದರೆ ಎದೆಯೊಳಗಿನ ಒತ್ತಡ ಏರುತ್ತೆ, ಹೃದಯಕ್ಕೆ ವಾಪಸ್ ಬರೋ ರಕ್ತ ಕಡಿಮೆಯಾಗುತ್ತೆ. ಬಿಟ್ಟ ತಕ್ಷಣ ರಕ್ತದೊತ್ತಡ ಜಿಗಿಯುತ್ತೆ. ಗಾಯಗೊಂಡ ಹೃದಯಕ್ಕೆ ಈ ಏರಿಳಿತ ಒಳ್ಳೆಯದಲ್ಲ. ಅದಕ್ಕೇ ಅಲ್ಲಿನ ನರ್ಸುಗಳು ದಿನಾ ಕೇಳ್ತಾರೆ, ಹೊಟ್ಟೆಯನ್ನ ಗಡಿಯಾರದ ಮುಳ್ಳು ತಿರುಗೋ ದಿಕ್ಕಿನಲ್ಲಿ ಮೆಲ್ಲಗೆ ನೀವ್ತಾರೆ. ದೊಡ್ಡ ಕರುಳು ಸಾಗೋದೂ ಅದೇ ದಿಕ್ಕಿನಲ್ಲಿ. ಇಲ್ಲಿ ಚೀ ಹರೀತೋ ಬಿಡ್ತೋ, ಮಾಡಿದ ಕೆಲಸ ಸರಿ. ನಮ್ಮೂರಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಈ ಪ್ರಶ್ನೆ ಕೇಳಿದ್ದು ನಮ್ಮ ಸೋದರತ್ತೆ ಒಬ್ಬರೇ.

ಊಟದ ವಿಷಯಕ್ಕೂ ಇದೇ ಮಾತು. ಗಂಜಿ, ತಾವರೆ ಬೀಜ, ಗೆಣಸಿನ ಜಾತಿಯ ಗಡ್ಡೆ, ಸೊಪ್ಪು. ಜಿಡ್ಡು, ಸಿಹಿ, ಉಪ್ಪು ಕಡಿಮೆ. ಹೊಟ್ಟೆ ಬಿರಿಯ ಉಣ್ಣಬಾರದು, ಇನ್ನೂ ಸ್ವಲ್ಪ ಬೇಕು ಅನ್ನುವಾಗ ಎದ್ದುಬಿಡಬೇಕು. ಭಾರಿ ಊಟ ಆದಾಗ ಹೊಟ್ಟೆ, ಕರುಳಿಗೆ ಹೆಚ್ಚು ರಕ್ತ ಕಳಿಸೋಕೆ ಹೃದಯ ಹೆಚ್ಚು ದುಡಿಯಬೇಕು, ಹಾಗಾಗಿ ಊಟ ಆದ ಕೂಡಲೇ ಎದೆ ಹಿಂಡೋದು ಆಂಜೈನಾ ರೋಗಿಗಳಲ್ಲಿ ಸಾಮಾನ್ಯ. "ಶೀತದ ಬಗೆ"ಯ ರೋಗಿಗೆ ಎದೆ, ಬೆನ್ನು ಬೆಚ್ಚಗಿಡಿ ಅಂತ ಹೇಳ್ತಾರೆ. ಚಳಿಗೆ ರಕ್ತನಾಳ ಕುಗ್ಗಿ ರಕ್ತದೊತ್ತಡ ಏರೋದು ನಮಗೆ ಗೊತ್ತಿರೋ ಸಂಗತಿಯೇ. ಕೆನಡಾದಲ್ಲೋ ಜರ್ಮನಿಯಲ್ಲೋ ಹಿಮ ಬಾಚೋ ಕೇಳುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಿದ್ದೆಗೆ ರಾತ್ರಿ ಬಿಸಿನೀರಿನಲ್ಲಿ ಕಾಲು ಇಡಿಸ್ತಾರೆ. ಇದಕ್ಕೆ ಒಂದು ಎಚ್ಚರಿಕೆ ಇದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ಗೊತ್ತಾಗಲ್ಲ, ಸುಟ್ಟುಕೊಳ್ತಾರೆ. ನೀರನ್ನ ಇನ್ನೊಬ್ಬರು ಮೊಣಕೈ ಅದ್ದಿ ನೋಡಬೇಕು. ಮುಂಗೈ ಒಳಭಾಗದಲ್ಲಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರಹುರಿಗಳ ನಡುವೆ "ನೇಯ್‌ಗ್ವಾನ್" ಅನ್ನೋ ಬಿಂದು ಇದೆ, ಎದೆಯ ತೊಂದರೆಗೆ ಅದನ್ನ ಒತ್ತಿಸ್ತಾರೆ. ವಾಕರಿಕೆಗೆ ಕೈಗೆ ಕಟ್ಟೋ ಪಟ್ಟಿ ಬರುತ್ತಲ್ಲ, ಅದು ಒತ್ತೋದೂ ಇದೇ ಜಾಗ. ಆಪರೇಷನ್ ನಂತರದ ವಾಕರಿಕೆಗೆ ಇದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಒಳ್ಳೆಯ ಆಧಾರ ಇದೆ. ಮಾಚಿಪತ್ರೆ ಜಾತಿಯ ಸೊಪ್ಪನ್ನ ಒಣಗಿಸಿ ಸುತ್ತಿ, ಉರಿಸಿ, ಚರ್ಮದ ಹತ್ತಿರ ಹಿಡಿಯೋ ಪದ್ಧತಿಯೂ ಇದೆ. ಆಕ್ಸಿಜನ್ ಹಾಕಿರೋ ರೋಗಿಯ ಹತ್ತಿರ ಅದನ್ನ ತರೋ ಹಾಗಿಲ್ಲ, ಕಾರಣ ಹೇಳಬೇಕಾಗಿಲ್ಲ ಅಂದುಕೊಳ್ತೀನಿ.

ಸಂಗೀತವನ್ನೂ ಬಳಸ್ತಾರೆ. ಚೀನೀ ಸಂಗೀತದ ಐದು ಸ್ವರಗಳಲ್ಲಿ ಒಂದೊಂದಕ್ಕೆ ಒಂದೊಂದು ಅಂಗ. ಹೃದಯಕ್ಕೆ "ಝ್ರ್" ಅನ್ನೋ ಸ್ವರ, ಅದನ್ನ ಆಧಾರ ಮಾಡಿಕೊಂಡ ರಾಗಗಳನ್ನ ಹೃದಯರೋಗಿಗಳಿಗೆ ಕೇಳಿಸ್ತಾರೆ. ಆ ಸ್ವರಶ್ರೇಣಿಯನ್ನ ನಮ್ಮ ಲೆಕ್ಕಕ್ಕೆ ತಂದರೆ ಸ, ರಿ, ಮ, ಪ, ದ. ಹೌದು, ಶುದ್ಧ ಸಾವೇರಿ! ಅದಕ್ಕೆ ಹೃದಯದ ಮೇಲೆ ವಿಶೇಷ ಪ್ರಭಾವ ಇದೆ ಅಂತ ನಾನು ಹೇಳ್ತಾ ಇಲ್ಲ. ಇಷ್ಟವಾದ ಸಂಗೀತ ಕೇಳಿದರೆ ಆತಂಕ ಇಳಿಯುತ್ತೆ, ಅಷ್ಟೆ. ಆದರೂ ಗೊತ್ತಾದಾಗ ಖುಷಿ ಆಯಿತು.

ಕೊನೆಯದು ಬಾ ದ್ವಾನ್ ಜಿನ್. ಎಂಟು ನಿಧಾನ ಚಲನೆಗಳ ವ್ಯಾಯಾಮ. ಕೈ ಮೇಲೆತ್ತೋದು, ಬಿಲ್ಲು ಎಳೆದ ಹಾಗೆ ನಿಲ್ಲೋದು, ಹಿಂದಿರುಗಿ ನೋಡೋದು, ಹೀಗೆ. ಹತ್ತು ಹನ್ನೆರಡು ನಿಮಿಷ ಸಾಕು. ಜಿಮ್ಮಿನ ಟ್ರೆಡ್‌ಮಿಲ್ ಕಂಡರೆ ಹೆದರೋ ಎಪ್ಪತ್ತರ ಹೃದಯರೋಗಿಯೂ ಮಾಡಬಹುದು. ಹೃದಯಾಘಾತ ಆದವರಲ್ಲಿ ಬಹಳ ಜನ ಆಮೇಲೆ ಅಲುಗಾಡೋಕೇ ಹೆದರ್ತಾರೆ, ಆ ಹೆದರಿಕೆಯೇ ಅವರನ್ನ ಇನ್ನಷ್ಟು ದುರ್ಬಲ ಮಾಡುತ್ತೆ. ಅಂಥವರನ್ನ ಕುರ್ಚಿಯಿಂದ ಎಬ್ಬಿಸೋದೇ ಅರ್ಧ ಗೆಲುವು.

ಈಗ ಕಷ್ಟದ ಭಾಗಕ್ಕೆ ಬರೋಣ. ಇದೆಲ್ಲ ಕೆಲಸ ಮಾಡುತ್ತೆ ಅಂತ ಚೀನಾದಿಂದ ಬರೋ ಪ್ರಬಂಧಗಳಿಗೆ ಲೆಕ್ಕವಿಲ್ಲ. ಬಹಳಷ್ಟರ ಚೌಕಟ್ಟು ಒಂದೇ ಥರ. ರೋಗಿಗಳನ್ನ ಎರಡು ಗುಂಪು ಮಾಡ್ತಾರೆ. ಒಂದು ಗುಂಪಿಗೆ ಮಾಮೂಲಿ ಶುಶ್ರೂಷೆ. ಇನ್ನೊಂದಕ್ಕೆ ಮಾಮೂಲಿ ಶುಶ್ರೂಷೆಯ ಜೊತೆ ಕಿವಿಯ ಬೀಜ, ಕಾಲಿನ ಬಿಸಿನೀರು, ಪಥ್ಯ, ಮಾತುಕತೆ. ಕೆಲವು ವಾರದ ನಂತರ ಎರಡನೆಯ ಗುಂಪಿನವರಿಗೆ ಆತಂಕ ಕಡಿಮೆ, ನಿದ್ದೆ ಚೆನ್ನಾಗಿದೆ, ಎದೆನೋವೂ ಕಡಿಮೆ ಅಂತ ಫಲಿತಾಂಶ. ಕೇಳೋಕೆ ಸರಿಯಾಗಿಯೇ ಇದೆ. ಆದರೆ ಇಲ್ಲಿ ಹೋಲಿಸಿದ್ದು ಏನನ್ನ?

ಒಂದು ಉದಾಹರಣೆ ಕೊಡ್ತೀನಿ. ಒಂದು ತರಗತಿಯ ಮಕ್ಕಳಿಗೆ ಮಾಮೂಲಿ ಪಾಠ. ಇನ್ನೊಂದು ತರಗತಿಗೆ ಅದೇ ಪಾಠದ ಜೊತೆ, ದಿನಾ ಸಂಜೆ ಮೇಷ್ಟ್ರು ಪ್ರತಿ ಮಗುವಿನ ಪಕ್ಕ ಅರ್ಧ ಗಂಟೆ ಕೂತು, ಹಸಿರು ಪೆನ್ನಿನಲ್ಲಿ ಬರೆಸ್ತಾರೆ. ಪರೀಕ್ಷೆಯಲ್ಲಿ ಎರಡನೇ ತರಗತಿಗೆ ಹೆಚ್ಚು ಅಂಕ. ಹಸಿರು ಪೆನ್ನಿನ ಮಹಿಮೆ ಅಂತ ಹೇಳ್ತೀರಾ? ಮೇಷ್ಟ್ರು ಪಕ್ಕದಲ್ಲಿ ಕೂತದ್ದರ ಫಲ ಅದು ಆಗಿರಬಾರದು ಯಾಕೆ? ಬೀಜದ ಕಥೆಯೂ ಹೀಗೇ. ಬೀಜ ಅಂಟಿಸೋಕೆ ನರ್ಸು ದಿನಾ ಬಂದು, ಮುಟ್ಟಿ, ರಾತ್ರಿ ನಿದ್ದೆ ಬಂತಾ ಅಂತ ಕೇಳಿ, ಹತ್ತು ನಿಮಿಷ ಕೂತರು. ಅದೂ ಅಲ್ಲದೆ ಯಾರಿಗೆ ಯಾವ ಆರೈಕೆ ಸಿಗ್ತಿದೆ ಅನ್ನೋದು ರೋಗಿಗೂ ಗೊತ್ತು, ಪ್ರಶ್ನೆ ಕೇಳೋ ನರ್ಸಿಗೂ ಗೊತ್ತು. ಆತಂಕ ಎಷ್ಟಿದೆ ಅಂತ ಹತ್ತಕ್ಕೆ ಇಷ್ಟು ಅಂಕ ಕೊಡಿ ಅಂದರೆ, ಚೆನ್ನಾಗಿ ನೋಡಿಕೊಂಡ ಸಿಸ್ಟರಿಗೆ ಬೇಜಾರು ಮಾಡೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ?

ಬೇರೆ ಮಾಡಿ ನೋಡೋಕೆ ಆಗಲ್ವಾ ಅಂದರೆ ಆಗುತ್ತೆ, ಕಷ್ಟ ಅಷ್ಟೆ. 2019ರಲ್ಲಿ ಅಮೆರಿಕದ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಚೀನಾದ ಒಂದು ಪ್ರಯೋಗ ಬಂತು. ಸ್ಥಿರ ಆಂಜೈನಾ ಇರೋ 404 ರೋಗಿಗಳು, ನಾಲ್ಕು ಗುಂಪು. ಒಂದಕ್ಕೆ ಹೃದಯಕ್ಕೆ ಸಂಬಂಧಿಸಿದ್ದು ಅಂತ ಹೇಳೋ ಬಿಂದುಗಳಿಗೆ ಸೂಜಿ, ಒಂದಕ್ಕೆ ಬೇರೆ ನಾಡಿಯ ಬಿಂದುಗಳಿಗೆ, ಒಂದಕ್ಕೆ ಬಿಂದುಗಳೇ ಅಲ್ಲದ ಜಾಗಕ್ಕೆ ಹುಸಿ ಸೂಜಿ, ಇನ್ನೊಂದಕ್ಕೆ ಸೂಜಿಯೇ ಇಲ್ಲ, ಕಾಯೋದು. ಎಲ್ಲರಿಗೂ ಆಂಜೈನಾದ ಮಾಮೂಲಿ ಚಿಕಿತ್ಸೆ ನಡೀತಾನೇ ಇತ್ತು. ಹದಿನಾರು ವಾರದ ಲೆಕ್ಕದಲ್ಲಿ ಮೊದಲ ಗುಂಪಿನವರಿಗೆ ಎದೆನೋವು ಬಂದ ಸಲಗಳು ಉಳಿದ ಮೂರಕ್ಕಿಂತಲೂ ಹೆಚ್ಚು ಇಳಿದಿದ್ದವು. ಹುಸಿ ಸೂಜಿಗಿಂತ ಮೇಲು ಅನ್ನೋದು ಗಮನಿಸಬೇಕಾದ ಫಲಿತಾಂಶವೇ. ಆದರೆ ಅಳೆದದ್ದು ನೋವಿನ ಸಲಗಳನ್ನ. ಹೃದಯಾಘಾತ ತಪ್ಪಿತು, ಆಯುಷ್ಯ ಹೆಚ್ಚಿತು ಅಂತ ಇದು ತೋರಿಸಿಲ್ಲ.

ಇನ್ನೊಂದು, 2023ರದ್ದು, ಜಾಮಾ ಪತ್ರಿಕೆಯಲ್ಲೇ. ಇದು ಶುಶ್ರೂಷೆ ಅಲ್ಲ, ಮಾತ್ರೆ. ಹೆಸರು ಟೊಂಗ್‌ಷಿನ್‌ಲ್ವೋ. ಅದರಲ್ಲಿ ಜಿನ್‌ಸೆಂಗ್ ಜೊತೆ ಜಿಗಣೆ, ಚೇಳು, ಜರಿ ಎಲ್ಲಾ ಇವೆ. ದೊಡ್ಡ ಹೃದಯಾಘಾತ ಆದ 3,777 ರೋಗಿಗಳ ಲೆಕ್ಕ, 124 ಆಸ್ಪತ್ರೆ, ಅರ್ಧ ಜನಕ್ಕೆ ಇದು, ಉಳಿದರ್ಧಕ್ಕೆ ನೋಡೋಕೆ ಹಾಗೇ ಇರೋ ಹುಸಿ ಮಾತ್ರೆ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ದಿನದೊಳಗೆ ಸಾವು, ಮತ್ತೆ ಹೃದಯಾಘಾತ, ಪಾರ್ಶ್ವವಾಯು ಇಂಥ ದೊಡ್ಡ ಅನಾಹುತಗಳು ಮಾತ್ರೆಯವರಲ್ಲಿ ನೂರಕ್ಕೆ 3.4, ಹುಸಿ ಮಾತ್ರೆಯವರಲ್ಲಿ 5.2. ಅಂದರೆ ಸುಮಾರು 55 ಜನಕ್ಕೆ ಕೊಟ್ಟರೆ ಒಬ್ಬರಿಗೆ ಅನಾಹುತ ತಪ್ಪಿತು. ಸಣ್ಣದೇನಲ್ಲ. ಆದರೆ ಇವರೆಲ್ಲರಿಗೂ ಆಧುನಿಕ ಚಿಕಿತ್ಸೆ ಸಿಕ್ಕಿತ್ತು, ಈ ಮಾತ್ರೆ ಅದರ ಮೇಲಿನದ್ದು. ಒಂದೇ ದೇಶದ ಒಂದು ಪ್ರಯೋಗ. ಬೇರೆ ಕಡೆಯ ಆಸ್ಪತ್ರೆಗಳಲ್ಲಿ ಬೇರೆಯವರು ಮಾಡಿ ನೋಡಿದಾಗಲೂ ಹೀಗೇ ಬಂದರೆ ನಾನು ಪೂರ್ತಿ ಒಪ್ಪಿಕೊಳ್ತೀನಿ. ಚೀನೀ ಔಷಧಿಯನ್ನ ಹೀಗೆ ಪರೀಕ್ಷೆ ಮಾಡೋಕೇ ಬರಲ್ಲ ಅಂತ ಆ ಕಡೆಯವರೂ ಈ ಕಡೆಯವರೂ ಹೇಳ್ತಿದ್ದರಲ್ಲ, ಆ ಮಾತಿಗಂತೂ ಇದು ಉತ್ತರ.

ಇನ್ನು ಆ ಎರಡು ಬೇರು. ಡಾನ್‌ಶೆನ್ ನಮ್ಮ ತುಳಸಿ, ದೊಡ್ಡಪತ್ರೆಯ ಕುಟುಂಬದ ಗಿಡ, ಬೇರು ಇಟ್ಟಿಗೆ ಕೆಂಪು. ಕಟ್ಟಿದ ರಕ್ತವನ್ನ ಹರಿಸುತ್ತೆ ಅಂತ ಹೃದಯಕ್ಕೆ ಅತಿ ಹೆಚ್ಚು ಬಳಸೋ ಬೇರು. ಡಾಂಗ್‌ಗ್ವೇ ಕೊತ್ತಂಬರಿ, ಓಮದ ಕುಟುಂಬದ್ದು. ವಾರ್ಫರಿನ್ ತಗೊಳ್ಳೋವರು ಡಾನ್‌ಶೆನ್ ಸೇವಿಸಿ ರಕ್ತಸ್ರಾವ ಆದ ಪ್ರಕರಣಗಳನ್ನ ಹಾಂಗ್‌ಕಾಂಗ್ ವೈದ್ಯರು 1990ರ ದಶಕದಲ್ಲೇ ವರದಿ ಮಾಡಿದ್ದರು. ಡಾಂಗ್‌ಗ್ವೇಗೂ ಅಂಥ ವರದಿ ಇದೆ. ವಾರ್ಫರಿನ್ ಬಹಳ ನಾಜೂಕಿನ ಮಾತ್ರೆ. ಸ್ವಲ್ಪ ಹೆಚ್ಚಾದರೆ ರಕ್ತಸ್ರಾವ, ಸ್ವಲ್ಪ ಕಡಿಮೆಯಾದರೆ ಹೆಪ್ಪು. ಜಿನ್‌ಸೆಂಗ್ ಅದರ ಪರಿಣಾಮವನ್ನ ಇಳಿಸಬಹುದು. ಚೀನೀ ಕಷಾಯಗಳಲ್ಲಿ ಹೆಚ್ಚಾಗಿ ಹಾಕೋ ಜ್ಯೇಷ್ಠಮಧು ಜಾಸ್ತಿಯಾದರೆ ಪೊಟ್ಯಾಷಿಯಂ ಇಳಿದು ರಕ್ತದೊತ್ತಡ ಏರುತ್ತೆ. "ಹೃದಯದ ಬಲ"ಕ್ಕೆ ಅಂತ ಕೊಡೋ ಫೂಜ್ ಅನ್ನೋದು ವತ್ಸನಾಭಿ ಜಾತಿಯ ಗಡ್ಡೆ, ಸರಿಯಾಗಿ ಬೇಯಿಸದಿದ್ದರೆ ಹೃದಯದ ತಾಳವನ್ನೇ ಕೆಡಿಸಿ ಕೊಲ್ಲಬಲ್ಲದು. ಹಾಗೆಯೇ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋವರಿಗೆ ಚರ್ಮ ಕೆರೆಯೋ ಚಿಕಿತ್ಸೆ, ರಕ್ತ ತೆಗೆಯೋ ಕಪ್ಪಿಂಗ್ ಬೇಡ.

ಇದು ಬರೀ ಚೀನೀ ಮದ್ದಿನ ಮಾತಲ್ಲ. ಊರಿನಿಂದ ಬರೋ ಹೊಳೆಮತ್ತಿ ತೊಗಟೆಯ ಪುಡಿಗೂ, ಬೆಳ್ಳುಳ್ಳಿ ಲೇಹ್ಯಕ್ಕೂ ಡಾಕ್ಟರ ಮುಂದೆ ಇದೇ ಪ್ರಶ್ನೆ ಏಳಬೇಕು. ಡಾಕ್ಟರು "ಬೇರೆ ಏನು ಔಷಧಿ ತಗೋತೀರಿ" ಅಂದಾಗ ನಮ್ಮ ಹಿರಿಯರು ಇದನ್ನೆಲ್ಲ ಹೇಳಲ್ಲ. ಸುಳ್ಳು ಹೇಳಬೇಕು ಅಂತಲ್ಲ, ಅವರ ಮನಸ್ಸಿನಲ್ಲಿ ಅದು ಔಷಧಿಯೇ ಅಲ್ಲ. ಅದಕ್ಕೆ ಪ್ರಶ್ನೆಯನ್ನೇ ಬದಲಾಯಿಸಿ ಕೇಳಿ. "ಅಪ್ಪಾ, ಈ ವಾರ ಹೊಸದಾಗಿ ಏನು ಕುಡಿದಿರಿ, ಏನು ನೆಕ್ಕಿದಿರಿ, ಯಾರು ಏನು ಕೊಟ್ಟರು?"

ಗ್ಯಾಸ್ಟ್ರಿಕ್ ವಿಷಯ ಹೇಳ್ತೀನಿ ಅಂದಿದ್ದೆ. ಎದೆ ಹಿಂಡಿ, ಬೆವರು ಬಂದು, ನೋವು ದವಡೆಗೋ ಎಡಗೈಗೋ ಹರಿದು, ಕೂತರೂ ಹೋಗದಿದ್ದರೆ, ಆಗ ಬಿಂದು ಒತ್ತೋದು, ಸೋಡಾ ಕುಡಿಯೋದು, ಜೀರಿಗೆ ಅಗಿಯೋದು ಯಾವುದೂ ಬೇಡ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಸಿರು ಕಟ್ಟಬಹುದು, ವಾಕರಿಕೆ, ವಿಪರೀತ ಸುಸ್ತು ಆಗಬಹುದು. ರಕ್ತನಾಳ ಮುಚ್ಚಿದ ಮೇಲೆ ಪ್ರತಿ ನಿಮಿಷವೂ ಸ್ನಾಯು ಸಾಯ್ತಿರುತ್ತೆ. ಆಂಬುಲೆನ್ಸ್ ಕರೆಯಿರಿ. ಊರಲ್ಲಿ 108, ಇಲ್ಲಿ ಸಿಂಗಪುರದಲ್ಲಿ 995, ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುಎಇಯಲ್ಲಿ 998, ಜರ್ಮನಿಯಲ್ಲಿ 112, ಆಸ್ಟ್ರೇಲಿಯಾದಲ್ಲಿ ಮೂರು ಸೊನ್ನೆ. ನೀವೇ ಕಾರು ಓಡಿಸಿಕೊಂಡು ಹೋಗಬೇಡಿ. ಎರಡು ಸಾವಿರ ವರ್ಷದ ಹಿಂದೆ ಚೀನೀ ವೈದ್ಯರು ಕೈಬಿಟ್ಟಿದ್ದ ಆ "ನಿಜವಾದ ಹೃದಯದ ನೋವು" ಇವತ್ತು ಕ್ಯಾಥ್‌ಲ್ಯಾಬ್ ಮುಟ್ಟಿದರೆ ಉಳಿಯೋ ನೋವು.

ಅಪ್ಪನ ಕಥೆ ಮುಗಿಸಿಬಿಡ್ತೀನಿ. ಡಾಕ್ಟರು ಎರಡು ದಿನ ವಾರ್ಫರಿನ್ ನಿಲ್ಲಿಸಿದರು, ಸಾರನ್ನೂ ನಿಲ್ಲಿಸಿದರು, ಒಸಡಿನ ರಕ್ತ ನಿಂತಿತು. ಆಂಟಿಗೆ ಹೇಗೆ ಹೇಳೋದು ಅಂತ ನನಗೆ ಸಂಕೋಚ. ಮಾತ್ರೆಯ ಡಬ್ಬಿ ತಗೊಂಡು ಹೋಗಿ ತೋರಿಸಿದೆ. ಅವರು ಹೆಸರು ಓದಿದವರೇ ಬಾಯಿಗೆ ಕೈ ಇಟ್ಟುಕೊಂಡರು. ಅವರ ಯಜಮಾನರಿಗೆ ಆ ಮಾತ್ರೆ ಇರಲಿಲ್ಲವಂತೆ, ಹಾಗಾಗಿ ಗೊತ್ತೇ ಇರಲಿಲ್ಲ. ಮಾರನೇ ದಿನದಿಂದ ಫ್ಲಾಸ್ಕಿನಲ್ಲಿ ಬರೀ ತಾವರೆ ಬೀಜದ ಗಂಜಿ ಬಂತು. ಜೊತೆಗೆ ಬೆಳಗ್ಗೆ ಆರೂವರೆಗೆ ಕೆಳಗಿನ ಅಂಗಳದಲ್ಲಿ ಬಾ ದ್ವಾನ್ ಜಿನ್‌ಗೆ ಕರೆದುಕೊಂಡು ಹೋಗೋಕೆ ಶುರು ಮಾಡಿದರು.

ಅಪ್ಪ ಈಗ ದಾವಣಗೆರೆಯಲ್ಲಿ ದಿನಾ ಪಾರ್ಕಿನಲ್ಲಿ ಆ ಎಂಟೂ ಚಲನೆ ಮಾಡ್ತಾರೆ. ಏನಿದು ಅಂತ ಯಾರಾದರೂ ಕೇಳಿದರೆ "ಯೋಗದಲ್ಲೇ ಒಂದು ಥರ" ಅಂತಾರಂತೆ. ಹೋದ ವಾರದ ಐಎನ್‌ಆರ್ 2.4.

ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ನಡೆದಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.